ಹಿತ್ತಲಿಗೆ ಆಡುಸೋಗೆಯೋ, ಒಂದೆಲಗವೋ, ಮದ್ದುಸೊಪ್ಪೋ?

ಮಡಿಕೇರಿಯ ಗೆಳತಿಯೊಬ್ಬರು ಕೇಳಿದ್ದರು: ಹಿತ್ತಲಲ್ಲಿ ಜಾಗ ಕಡಿಮೆ, ಯಾವ ಗಿಡ ನೆಡಲಿ?

ಮೊದಲು ಒಳಗಿನ ಗುಣ ನೋಡೋಣ. ಆಡುಸೋಗೆ ಎಲೆಯಲ್ಲಿರುವುದು ವ್ಯಾಸಿಸಿನ್ ಎಂಬ ಅಂಶ. ಇದು ಉಸಿರುನಾಳವನ್ನು ಸಡಿಲಿಸುತ್ತದೆ. ಕಫ ಕರಗಿಸುವ ಬ್ರೊಮ್‌ಹೆಕ್ಸಿನ್ ಮಾತ್ರೆ ಹುಟ್ಟಿದ್ದೇ ಇದರ ಜಾಡಿನಲ್ಲಿ. ಆದರೆ ವ್ಯಾಸಿಸಿನ್ ಗರ್ಭಕೋಶವನ್ನೂ ಸಂಕುಚಿಸುತ್ತದೆ. ಬಸುರಿಯರಿಗೆ ಆಡುಸೋಗೆ ಖಂಡಿತ ಕೊಡಬೇಡಿ. ಒಂದೆಲಗದಲ್ಲಿ ಏಷ್ಯಾಟಿಕೊಸೈಡ್ ಎಂಬ ಅಂಶ ಇದೆ, ಗಾಯ ಮಾಯಲು ಬೇಕಾದ ಕೊಲಾಜನ್ ಎಂಬ ಪ್ರೋಟೀನ್ ಬೆಳೆಯಲು ನೆರವಾಗುತ್ತದೆ. ಮದ್ದುಸೊಪ್ಪಿನಲ್ಲಿ ಫೀನಾಲಿಕ್ ಅಂಶಗಳು, ಆಂಟಿಆಕ್ಸಿಡೆಂಟ್ ಗುಣ ಕಂಡುಬಂದಿವೆ. ಕೊಡಗಿನಲ್ಲಿ ಕಕ್ಕಡ ತಿಂಗಳ 18ನೇ ದಿನ ಮಾಡುವ ಪಾಯಸಕ್ಕೆ ಆ ಕಡುನೇರಳೆ ಬಣ್ಣ ಕೊಡುವುದು ಇದೇ ಅಲ್ವಾ! ಅಂದಹಾಗೆ, ಇದೂ ಆಡುಸೋಗೆಯೂ ಒಂದೇ ಕುಟುಂಬದವು.

ಬೆಳೆಸುವುದು? ಆಡುಸೋಗೆ ಕಡ್ಡಿ ನೆಟ್ಟರೆ ಸಾಕು. ದನ ಮುಟ್ಟುವುದಿಲ್ಲ, ಬೇಲಿಯೂ ಆಗುತ್ತದೆ. ಮದ್ದುಸೊಪ್ಪಿಗೆ ತೋಟದ ನೆರಳು ಇಷ್ಟ. ಒಂದೆಲಗಕ್ಕೆ ತೇವ ಬೇಕು, ಆದರೆ ಬಚ್ಚಲ ನೀರು ಹರಿಯುವಲ್ಲಿ ನೆಡಬೇಡಿ. ಕೊಳಕು ನೀರಿನಲ್ಲಿರುವ ಲೋಹದ ಅಂಶವನ್ನು ಅದು ಹೀರಿಕೊಳ್ಳುತ್ತದೆ.

ದಿನದ ಅಡುಗೆಗೆ, ತಂಬುಳಿ ಚಟ್ನಿಗೆ ಬೇಕಾದರೆ ಒಂದೆಲಗ ನೆಡಿ. ಬೇಲಿ ಬೇಕು, ವೈದ್ಯರನ್ನು ಕೇಳಿಯೇ ಕಷಾಯ ಮಾಡುತ್ತೀರಿ ಎಂದಾದರೆ ಆಡುಸೋಗೆ. ಕಾಫಿ ತೋಟದ ನೆರಳಿನ ಮೂಲೆ ಸುಮ್ನೆ ಖಾಲಿ ಇದ್ದರೆ ಮದ್ದುಸೊಪ್ಪು. ಅದನ್ನು ವರ್ಷಕ್ಕೊಮ್ಮೆಯಾದರೂ ಮಕ್ಕಳ ಕೈಯಲ್ಲೇ ಕೊಯ್ಯಿಸಿ.