ಮೂವತ್ತನೇ ಲಾಟ್ ಕೊಂಡೆ, ಮೂವತ್ತೊಂದನೇದು ಬಿಟ್ಟೆ

ತುಮಕೂರು ಕಡೆ ಮೈಕ್‌ಸೆಟ್ ಇಟ್ಟುಕೊಂಡು ಬದುಕುವವನು ನಾನು. ಗಣೇಶ, ಜಾತ್ರೆ, ಆರ್ಕೆಸ್ಟ್ರಾ, ನಡುನಡುವೆ ಆರತಕ್ಷತೆ. ಹೋದ ವರ್ಷ ಗಣೇಶನ ಹಬ್ಬಕ್ಕೆ ಇನ್ನೆರಡು ತಿಂಗಳಿದೆ ಅನ್ನುವಾಗ, ಬೆಂಗಳೂರಲ್ಲಿ ದಿವಾಳಿಯೆದ್ದ ಈವೆಂಟ್ ಕಂಪನಿಯೊಂದರ ಸಾಮಾನು ಆನ್‌ಲೈನ್ ಹರಾಜಿಗೆ ಬಂದಿದೆ ಅಂತ ವಾಟ್ಸ್ಯಾಪ್‌ನಲ್ಲಿ ಪಟ್ಟಿ ಬಂತು. ಲಾಟ್ 30: ಎಂಟು ಲೈನ್ ಅರೇ ಬಾಕ್ಸ್ (ಒಂದರ ಕೆಳಗೊಂದು ನೇತುಹಾಕೋ ಸ್ಪೀಕರ್), ನಾಲ್ಕು 18 ಇಂಚಿನ ಬೇಸ್ ಬಾಕ್ಸ್, ನಾಲ್ಕು ಕಾರ್ಡ್‌ಲೆಸ್ ಮೈಕು. ಆರಂಭದ ಬೆಲೆ ಒಂದೂವರೆ ಲಕ್ಷ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ನೋಡೋಕೆ ಒಂದೇ ದಿನ, ಎರಡು ಗಂಟೆ ಟೈಮು. ಪೀಣ್ಯದ ಆಚೆ ಗೋಡೌನು. ಬಿಲ್ ಕಟ್ಟದೆ ಲೈನ್ ಕಿತ್ತಿದ್ದರಂತೆ, ಒಳಗೆ ಕರೆಂಟೇ ಇಲ್ಲ. "ಸ್ವಲ್ಪ ಓಡಿಸಿ ತೋರಿಸಿ ಅಣ್ಣಾ" ಅಂದೆ. ಸೆಕ್ಯೂರಿಟಿ ನಕ್ಕು, "ಫ್ಯಾನೇ ಇಲ್ಲ, ಸ್ಪೀಕರ್ ಎಲ್ಲಿಂದ ಓಡಿಸೋದು ಸಾರ್" ಅಂದ. ನಾನೂ ನಕ್ಕೆ. ಮೊಬೈಲ್ ಟಾರ್ಚ್ ಹಾಕಿ ನೋಡಿದರೆ ಜಾಲರಿ ನೆಟ್ಟಗಿತ್ತು, ಪೇಂಟ್ ಎದ್ದಿರಲಿಲ್ಲ. ಸಾಕು ಅನ್ನಿಸಿತು.

ಅವತ್ತು ನನ್ನ ಟೂಲ್ ಬ್ಯಾಗು ಆಚೆ ಬೈಕಲ್ಲೇ ಇತ್ತು, ಅದರಲ್ಲಿ ಮುನ್ನೂರು ರೂಪಾಯಿಯ ಮಲ್ಟಿಮೀಟರೂ ಇತ್ತು. ಅದೊಂದನ್ನ ಒಳಗೆ ತಂದಿದ್ದರೆ ಈ ಬರಹವೇ ಬೇಕಿರಲಿಲ್ಲ. ಸ್ಪೀಕರ್ ಸರಿ ಇದೆಯಾ ಅಂತ ನೋಡೋಕೆ ಕರೆಂಟ್ ಬೇಕಿಲ್ಲ. ಇಂಥ ಬಾಕ್ಸ್‌ಗಳ ಹಿಂದೆ ನಾಲ್ಕು ಪಿನ್ನಿನ ಸ್ಪೀಕಾನ್ ಸಾಕೆಟ್ ಇರುತ್ತೆ. ಸಾಮಾನ್ಯವಾಗಿ ಒಂದನೇ ಜೋಡಿ ಪಿನ್ನು ದಪ್ಪ ಸೌಂಡಿನ ವೂಫರ್‌ಗೆ, ಎರಡನೇದು ಸಣ್ಣ ಸೌಂಡಿನ ಹಾರ್ನ್ ಡ್ರೈವರ್‌ಗೆ. ಆ ಜೋಡಿಗೆ ಮೀಟರ್ ಕಡ್ಡಿ ತಾಗಿಸಿದರೆ, 8 ಓಮ್ಸ್ ಸ್ಪೀಕರಾದರೆ 5ರಿಂದ 7 ಓಮ್ಸ್ ಒಳಗೆ ತೋರಿಸಬೇಕು. ಏನೂ ತೋರಿಸದಿದ್ದರೆ ಒಳಗಿನ ತಂತಿ ಸುರುಳಿ, ಅಂದರೆ ಕಾಯಿಲ್, ಕಟ್ಟಾಗಿದೆ, ಸೊನ್ನೆ ಹತ್ತಿರ ಬಂದರೆ ಶಾರ್ಟ್. ವೂಫರ್ ಕೋನನ್ನ ಎರಡೂ ಕೈಯ ಬೆರಳಿಂದ ಮೆತ್ತಗೆ, ಒಂದೇ ಸಮ ಒತ್ತಿ: ಕರಕರ ಅಂದರೆ ಕಾಯಿಲ್ ತಾಗ್ತಿದೆ. ಬೇಸ್ ಬಾಕ್ಸಿನ ಪೋರ್ಟಿಗೆ ಮೂಗಿಟ್ಟು ನೋಡಿ. ಸುಟ್ಟ ವಾರ್ನಿಷ್ ವಾಸನೆ ತಿಂಗಳುಗಟ್ಟಲೆ ಹೋಗಲ್ಲ. ಎಂಟು ಬಾಕ್ಸಿಗೆ ಹತ್ತು ನಿಮಿಷದ ಕೆಲಸ.

ಹರಾಜಿನ ದಿನ ಕೊನೆ ಐದು ನಿಮಿಷದಲ್ಲಿ ಯಾರಾದರೂ ಕೂಗಿದರೆ ಮತ್ತೆ ಐದು ನಿಮಿಷ ಮುಂದಕ್ಕೆ ಹೋಗೋ ವ್ಯವಸ್ಥೆ. ಎರಡು ಲಕ್ಷಕ್ಕಿಂತ ಮೇಲೆ ಹೋಗಬಾರದು ಅಂತ ಕ್ಯಾಲೆಂಡರ್ ಮೇಲೆ ಬರೆದಿಟ್ಟಿದ್ದೆ. 2,40,000ಕ್ಕೆ ನಿಂತೆ. ಗೆದ್ದೆ ಅಂತ ಮನೆಯಾಕೆಗೆ ಹೇಳಿ ಸ್ವೀಟ್ ತರಿಸಿದೆ. ಆಮೇಲೆ ಬಿಲ್ ಬಂತು. ಹರಾಜು ನಡೆಸಿದವರ ಕಮಿಷನ್ ಶೇ. 10, ಅಂದರೆ 24,000. ಎರಡೂ ಸೇರಿದ್ದರ ಮೇಲೆ ಶೇ. 18 ಜಿಎಸ್‌ಟಿ, 47,520. ಒಟ್ಟು 3,11,520. ನನಗೆ ಜಿಎಸ್‌ಟಿ ನಂಬರಿಲ್ಲ, ಹಾಗಾಗಿ ಆ ತೆರಿಗೆ ವಾಪಸ್ ಬರೋ ಮಾತೇ ಇಲ್ಲ. ಬೇಡ ಅಂದರೆ ಮುಂಗಡ ಠೇವಣಿ ಮುಳುಗುತ್ತೆ. ಏಳು ದಿನದೊಳಗೆ ಎತ್ತದಿದ್ದರೆ ದಿನಕ್ಕೆ ಸಾವಿರ ನೆಲಬಾಡಿಗೆ. ಟೆಂಪೋ, ಹಮಾಲಿ ಖರ್ಚು ಬೇರೆ.

ಮನೆಗೆ ತಂದು ಹಚ್ಚಿದೆ. ಎಂಟರಲ್ಲಿ ಐದು ಬಾಕ್ಸಿನ ಹಾರ್ನ್ ಸತ್ತಿದೆ. ಒಂದು ಬೇಸಿನೊಳಗೆ ವೂಫರೇ ಇಲ್ಲ, ಜಾಲರಿ ಹಿಂದೆ ಬರೀ ತೂತು! ಎತ್ತುವಾಗ ಹಗುರ ಅನ್ನಿಸಿದ್ದಕ್ಕೆ ಹಮಾಲಿಯನ್ನ ಹೊಗಳಿದ್ದೆ. ಮೈಕ್‌ಗಳದ್ದು ಇನ್ನೊಂದು ಕಥೆ. ಅವು 700 ಮೆಗಾಹರ್ಟ್ಸ್ ಮೇಲಿನ ರೇಡಿಯೋ ತರಂಗದಲ್ಲಿ ಓಡೋವು. ಆ ಬ್ಯಾಂಡಿನ ಒಂದು ಪಾಲನ್ನ ಸರ್ಕಾರ 2022ರ ಸ್ಪೆಕ್ಟ್ರಂ ಹರಾಜಿನಲ್ಲೇ ಮೊಬೈಲ್ ಕಂಪನಿಗೆ ಕೊಟ್ಟಾಗಿದೆ, ಅಲ್ಲಿ ಈ ಮೈಕ್ ನಂಬಿಕೊಳ್ಳೋ ಹಾಗಿಲ್ಲ. ಆ ಹರಾಜಿನ ಸುದ್ದಿ ನನ್ನ ಹರಾಜಿನವರಿಗೆ ಮುಟ್ಟಿರಲಿಲ್ಲ, ನನಗೂ ಮುಟ್ಟಿರಲಿಲ್ಲ.

ಫೋನ್ ಮಾಡಿದೆ. ಆ ಕಡೆಯವರು ಬೈಯಲಿಲ್ಲ, ಕೂಗಲಿಲ್ಲ. "ಆ್ಯಸ್ ಈಸ್ ವೇರ್ ಈಸ್ ಅಂತ ಸಹಿ ಹಾಕಿದ್ದೀರಲ್ಲ ಸಾರ್" ಅಂದರು. ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ. ದಿವಾಳಿ ಕಂಪನಿಗಳ ಮಾಲು ಮಾರೋದೇ ಈ ಷರತ್ತಿನ ಮೇಲೆ. ಪರಿಚಯದ ವಕೀಲರನ್ನ ಕೇಳಿದರೆ 1930ರ ಸರಕು ಮಾರಾಟ ಕಾಯ್ದೆ ತೆಗೆದರು. ನೋಡಿ ಕೊಳ್ಳೋ ಅವಕಾಶ ಇತ್ತು ತಾನೇ ಅಂತ ಕೋರ್ಟು ಮೊದಲು ನಿಮ್ಮನ್ನೇ ಕೇಳುತ್ತೆ ಅಂದರು. ಫೀಸ್ ತಗೊಳ್ಳಲಿಲ್ಲ ಪುಣ್ಯಾತ್ಮ.

ಇಷ್ಟಾದರೂ ಸುಧಾರಿಸಬಹುದಿತ್ತು. ಸತ್ತ ಹಾರ್ನ್‌ಗಳಿಗೆ ಹೊಸ ಡಯಾಫ್ರಾಮ್ (ಒಳಗೆ ಅದುರೋ ತೆಳು ಪೊರೆ) ಹಾಕಿಸಿದೆ, ವೂಫರ್ ತಂದೆ. ಆದರೂ ಸೌಂಡು ತಗಡು ಬಡಿದಂಗೆ. ನಮ್ಮ ರಿಪೇರಿ ಅಣ್ಣ ಬಾಕ್ಸಿನ ಹಿಂದಿನ ಸ್ಟಿಕ್ಕರ್ ಓದಿ, "ಇದಕ್ಕೆ ಕಂಪನಿದೇ ಪ್ರೊಸೆಸರ್ ಬೇಕು ಕಣೋ, ಎಲ್ಲಿ ಅದು?" ಅಂದ. ಬೇಸಿಗೆ ಎಷ್ಟು, ಹಾರ್ನಿಗೆ ಎಷ್ಟು, ಸೌಂಡನ್ನ ಎಲ್ಲಿ ಕತ್ತರಿಸಿ ಹಂಚಬೇಕು ಅನ್ನೋ ಲೆಕ್ಕವೆಲ್ಲ ಅದರೊಳಗೇ. ಪಟ್ಟಿ ಮತ್ತೆ ತೆಗೆದೆ. ಲಾಟ್ 31: 'ಇತರೆ ಎಲೆಕ್ಟ್ರಾನಿಕ್ಸ್, ರ‍್ಯಾಕ್ ಸಮೇತ, 1'. ಫೋಟೋ ದೊಡ್ಡದು ಮಾಡಿ ನೋಡಿದರೆ ವೈರ್ ರಾಶಿ ಕೆಳಗೆ ಅದೇ ಕಂಪನಿಯ ಹೆಸರು. 9,000ಕ್ಕೆ ಹೋಗಿತ್ತು.

ಅದನ್ನ ಕೊಂಡವರು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ಟು ಎಸ್.ಪಿ. ರೋಡಿನ ವ್ಯಾಪಾರಿ, ಹೇಗೋ ನಂಬರ್ ಸಿಕ್ಕಿತು. ನಾನು ಯಾವ ಬಾಕ್ಸ್ ಅಂತ ಹೇಳೋ ಮುಂಚೆಯೇ, "ಲಾಟ್ ಮೂವತ್ತು ನಿಮ್ದಾ ಅಣ್ಣಾ? ನಿಮ್ ಫೋನಿಗೇ ಕಾಯ್ತಿದ್ದೆ" ಅಂದರು. ಅರವತ್ತು ಸಾವಿರ ಹೇಳಿದ್ದಾರೆ.