ಅನ್ನ ಬಿಟ್ಟು ಮುದ್ದೆಯೋ, ಧಾನ್ಯವನ್ನೇ ತಗ್ಗಿಸುವುದೋ?

ಟೈಪ್ 2 ಮಧುಮೇಹ ಪತ್ತೆಯಾದ ಮನೆಗಳಲ್ಲಿ ಸಾಮಾನ್ಯವಾಗಿ ಮೊದಲು ಅನ್ನದ ಜಾಗಕ್ಕೆ ರಾಗಿ ಮುದ್ದೆ ಬರುತ್ತದೆ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬೋಹೈಡ್ರೇಟ್ (ಜೀರ್ಣವಾಗಿ ರಕ್ತದ ಸಕ್ಕರೆಯಾಗುವ ಅಂಶ) ಇದ್ದರೆ ಅಷ್ಟೇ ರಾಗಿಯಲ್ಲಿ ಸುಮಾರು 67 ಗ್ರಾಂ ಇರುತ್ತದೆ. ನಾರಿನಂಶವೂ ಕ್ಯಾಲ್ಸಿಯಂ ಕೂಡ ರಾಗಿಯಲ್ಲೇ ಹೆಚ್ಚು. ಆದರೆ 150 ಗ್ರಾಂ ಹಿಟ್ಟಿನ ದಪ್ಪ ಮುದ್ದೆಯೊಂದನ್ನು ಉಂಡರೆ ಒಂದೇ ಊಟಕ್ಕೆ 100 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆ ಸೇರುತ್ತದೆ ಎಂಬುದನ್ನು ಹೆಚ್ಚಿನವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಎರಡನೆಯ ದಾರಿ ದಿನದ ಕಾರ್ಬೋಹೈಡ್ರೇಟನ್ನೇ 130 ಗ್ರಾಂಗಿಂತ ಕೆಳಗಿಳಿಸುವುದು. ಆಗ ತಟ್ಟೆಯಲ್ಲಿ ನಿಂಬೆ ಗಾತ್ರದ ಮುದ್ದೆ ಅಥವಾ ಒಂದು ಚಪಾತಿ, ಅದರ ಸುತ್ತ ಹುರುಳಿಕಾಯಿ ಪಲ್ಯ, ಸೊಪ್ಪಿನ ಬಸ್ಸಾರು, ಮೊಸರು, ಮೊಟ್ಟೆ ಅಥವಾ ಮೀನು ಇರುತ್ತವೆ. ಸಸ್ಯಾಹಾರಿಗಳಿಗೆ ಇದು ತುಸು ಕಷ್ಟ, ಏಕೆಂದರೆ ಅವರು ಪ್ರೋಟೀನಿಗಾಗಿ ನಂಬುವ ಬೇಳೆಕಾಳುಗಳ ತೂಕದಲ್ಲಿ ಅರ್ಧದಷ್ಟು ಕಾರ್ಬೋಹೈಡ್ರೇಟೇ. ಸಕ್ಕರೆ ಇಳಿಸುವುದರಲ್ಲಿ ಮಾತ್ರ ಈ ದಾರಿಯೇ ಮೇಲು ಎಂಬುದು ನನ್ನ ಅಭಿಪ್ರಾಯ. ಮೊದಲನೆಯದು ಮನೆಮಂದಿಗೆಲ್ಲ ಒಗ್ಗುತ್ತದೆ, ಅಷ್ಟೆ.

ಇನ್ಸುಲಿನ್ ಅಥವಾ ದೇಹದ ಇನ್ಸುಲಿನ್ ಹೆಚ್ಚಿಸುವ ಗ್ಲಿಮಿಪಿರೈಡ್ ಮಾತ್ರೆ ತೆಗೆದುಕೊಳ್ಳುವವರು ಔಷಧದ ಪ್ರಮಾಣ ಬದಲಿಸದೆ ಧಾನ್ಯ ತಗ್ಗಿಸಿದರೆ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಡಾಪಾಗ್ಲಿಫ್ಲೋಜಿನ್ ಮಾತ್ರೆ ನುಂಗುವವರು ಧಾನ್ಯವನ್ನು ಪೂರ್ತಿ ಬಿಟ್ಟರೆ ಕೊಬ್ಬು ಕರಗುವಾಗ ಹುಟ್ಟುವ ಕೀಟೋನ್ ಆಮ್ಲಗಳು ರಕ್ತದಲ್ಲಿ ಅಪಾಯಕಾರಿಯಾಗಿ ಹೆಚ್ಚುವ ಭಯವಿದೆ. ಇಂಥವರೂ ಮೂತ್ರಪಿಂಡದ ತೊಂದರೆಯುಳ್ಳವರೂ ವೈದ್ಯರೊಡನೆ ಮಾತನಾಡಿದ ಮೇಲೆಯೇ ಎರಡನೆಯದನ್ನು ಆರಿಸಿಕೊಳ್ಳಬೇಕು.