ಕುಮಾರ ಪರ್ವತಕ್ಕೆ ಕಟ್ಟಿದ ನಾಲ್ಕು ಬುತ್ತಿಗಳು

ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಕುಮಾರ ಪರ್ವತವನ್ನು ನಾಲ್ಕು ಸಲ ಹತ್ತಿದ್ದೇನೆ, ನಾಲ್ಕು ಸಲವೂ ಬೇರೆ ಬೇರೆ ಬುತ್ತಿ. ಮೊದಲ ಸಲ ಅಮ್ಮ ಕಟ್ಟಿಕೊಟ್ಟದ್ದನ್ನು ಚೀಲಕ್ಕೆ ಹಾಕಿಕೊಂಡು ಹೊರಟಿದ್ದೆ, ಅಷ್ಟೇ. ಆಮೇಲಿನ ಮೂರು ಸಲ ಬೇಕೆಂದೇ ಬದಲಾಯಿಸಿ ನೋಡಿದೆ. ಶಿಖರದ ಎತ್ತರ 1712 ಮೀಟರ್. ಕುಕ್ಕೆ ಇರುವುದು ಘಟ್ಟದ ಬುಡದಲ್ಲಿ. ಹಾಗಾಗಿ ಒಂದೂವರೆ ಸಾವಿರ ಮೀಟರಿಗೂ ಹೆಚ್ಚಿನ ಏರನ್ನು ಕಾಲಲ್ಲೇ ಹತ್ತಬೇಕು. ನಡುದಾರಿಯಲ್ಲಿ ಸಿಗುವ ಗಿರಿಗದ್ದೆಯ ಭಟ್ಟರ ಮನೆಯವರೆಗೆ ಹೆಚ್ಚಿನ ದಾರಿ ಕಾಡಿನ ನೆರಳಲ್ಲಿ ಸಾಗುತ್ತದೆ. ಅಲ್ಲಿಂದ ಮೇಲೆ ಬೋಳು ಹುಲ್ಲುಗುಡ್ಡ, ನೆತ್ತಿ ಸುಡುವ ಬಿಸಿಲು. ಬುತ್ತಿ ಎಂಥದ್ದೆಂದು ಗೊತ್ತಾಗುವುದು ಅಲ್ಲೇ.

ರುಚಿ, ತೂಕ ಎಲ್ಲವೂ ಮುಖ್ಯವೇ. ಆದರೆ ನಾನು ಕೊನೆಗೆ ಎಲ್ಲವನ್ನೂ ನೀರಿನ ಲೆಕ್ಕದಲ್ಲೇ ತೂಗಿದೆ. ಚಾರಣದಲ್ಲಿ ನಾವು ಹೊರುವುದರಲ್ಲಿ ಅತಿ ಭಾರದ್ದು ನೀರು, ಅತಿ ಬೇಗ ಮುಗಿಯುವುದೂ ಅದೇ.

ಮೊದಲ ಬುತ್ತಿ ಪುಳಿಯೋಗರೆ. ಅಮ್ಮ ಗೊಜ್ಜು ಕುದಿಸುವಾಗ ಎಣ್ಣೆ ಮೇಲೆ ತೇಲಿ ಬರುವವರೆಗೂ ಬಿಡುವುದಿಲ್ಲ, ಅದರಿಂದಲೇ ಅನ್ನ ಮರುದಿನದ ಮಧ್ಯಾಹ್ನಕ್ಕೂ ಕೆಡಲಿಲ್ಲ. ಹುಣಸೆಯ ಹುಳಿ ಇರುವಷ್ಟು ಹೊತ್ತು ಅನ್ನ ಬೇಗ ಹಳಸುವುದಿಲ್ಲ ಎಂಬುದು ನಮ್ಮ ಅಡುಗೆಮನೆಗಳಿಗೆ ಎಂದಿನಿಂದಲೋ ಗೊತ್ತು. ಅದೇ ಪ್ರಯಾಣದಲ್ಲಿ ನಮ್ಮ ಭಾವ ಮೊಸರನ್ನ ತಂದಿದ್ದರು. ಬೆಳಿಗ್ಗೆ ಏಳಕ್ಕೆ ಸೊಗಸಾಗಿದ್ದದ್ದು ಹನ್ನೆರಡರ ಹೊತ್ತಿಗೆ ಹುಳಿಯೊಡೆದು ಬಾಯಿಗಿಡಲಾಗಲಿಲ್ಲ. ಹಾಲಿಗೆ ಒಂದೇ ಚಮಚ ಮೊಸರು ಹಾಕಿ ಕಲಸಿದ್ದರೆ ದಾರಿಯಲ್ಲೇ ಹದವಾಗಿ ಹೆಪ್ಪಾಗುತ್ತಿತ್ತು.

ಪುಳಿಯೋಗರೆಯ ತೊಂದರೆ ಅದರ ತೂಕ. ಒಂದು ಪಾವು ಅಕ್ಕಿ ಬೆಂದು ಅನ್ನವಾದರೆ ಎರಡೂವರೆ ಮೂರು ಪಟ್ಟು ಭಾರವಾಗುತ್ತದೆ, ಹೆಚ್ಚಿದ್ದಷ್ಟೂ ನೀರೇ. ಆ ನೀರನ್ನು ಡಬ್ಬಿಯಲ್ಲಿ ಬೆಟ್ಟ ಹತ್ತಿಸುವವರು ನಾವು. ಕುಡಿಯುವುದಕ್ಕಂತೂ ಅದು ಬರುವುದಿಲ್ಲ. ಮೇಲಾಗಿ ಎಣ್ಣೆ. ಶಿಖರಕ್ಕೆ ಮೊದಲು ಸಿಗುವ ಶೇಷ ಪರ್ವತದ ಏರಿನ ನಡುವೆ ನಾಲ್ಕು ತುತ್ತು ತಿಂದ ಮೇಲೆ ಎದೆಯಲ್ಲೇ ಕೂತಂತಾಯಿತು. ಇಳಿದು ಬಂದು ನೆರಳಲ್ಲಿ ಕೂತಾಗ ಉಳಿದದ್ದನ್ನು ಬೆರಳು ನೆಕ್ಕಿಕೊಂಡು ತಿಂದೆ. ಹತ್ತುವ ಹೊತ್ತಿನ ಊಟ ಅದಲ್ಲ.

ಎರಡನೇ ಸಲ ಬಾಗಲಕೋಟೆಯ ಗೆಳೆಯ ಜೊತೆಗಿದ್ದ. ಅವನ ಮನೆಯಿಂದ ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಎಂಬ ಚಟ್ನಿಪುಡಿಗಳು ಬಂದಿದ್ದವು. ನಾನು ಹಳೇ ಮೈಸೂರಿನ ಕಡೆಯವಳು, ಒಣರೊಟ್ಟಿ ಹೊತ್ತು ಬೆಟ್ಟ ಹತ್ತಿದವಳಲ್ಲ. "ಒಂದ್ ರೊಟ್ಟಿ ತಿನ್ನು, ಆಮ್ಯಾಲ ಮಾತಾಡೋಣಂತ" ಎಂದ. ಚೀಲದಲ್ಲಿ ಅದರ ಭಾರವೇ ತಿಳಿಯುವುದಿಲ್ಲ, ವಾರಗಟ್ಟಲೆ ಇಟ್ಟರೂ ಕೆಡುವುದಿಲ್ಲ. ಶೇಂಗಾದ ಕಸುವು ಬೇರೆ, ನೂರು ಗ್ರಾಂನಲ್ಲಿ 550 ಕ್ಯಾಲೊರಿಗೂ ಹೆಚ್ಚು. ಹಿಂಡಿಯ ಉಪ್ಪು, ಖಾರ, ಬೆಳ್ಳುಳ್ಳಿ ಬೆವರಿದ ಮೈಗೆ ಎಷ್ಟು ಹಿಡಿಸಿತೆಂದರೆ ಕೂತಲ್ಲೇ ಎರಡು ರೊಟ್ಟಿ ಮುಗಿಸಿದೆ.

ಅರ್ಧ ಗಂಟೆ ಕಳೆಯಿತು, ಬಾಯಾರಿಕೆ ಶುರುವಾಯಿತು. ಒಣರೊಟ್ಟಿ, ಖಾರ, ಬಿಸಿಲು ಮೂರೂ ಸೇರಿ ತಲಾ ಎರಡು ಲೀಟರ್ ನೀರು, ಭಟ್ಟರ ಮನೆಯಿಂದ ಮೇಲೆ ಸಿಗುವ ಕಲ್ಲು ಮಂಟಪ ದಾಟಿ ಸ್ವಲ್ಪ ಹೊತ್ತಿಗೇ ತಳ ಕಂಡಿತು. ಮುಂದೆ ಶಿಖರದವರೆಗೆ ಗುಟುಕು ಲೆಕ್ಕ ಹಾಕಿ ಕುಡಿದೆವು. ರೊಟ್ಟಿಯ ಮೇಲೆ ನನ್ನದೇನೂ ದೂರಿಲ್ಲ, ಅದರ ಜೊತೆಗೆ ನೀರನ್ನೂ ಲೆಕ್ಕ ಹಿಡಿದು ಹೊರಬೇಕಿತ್ತು. ಆದರೆ ಹಾಗೆ ಹೊತ್ತರೆ ರೊಟ್ಟಿ ಹಗುರವೆಂಬ ಲಾಭ ಅಲ್ಲಿಗೇ ಮುಗಿಯಿತು.

ಮೂರನೆಯದು ರಾಗಿ ಹುರಿಟ್ಟು. ನನಗೆ ಇದರ ಮೇಲೆ ತುಂಬ ನಂಬಿಕೆಯಿತ್ತು. ತಿಪಟೂರಿನ ಅಜ್ಜಿ ರಾಗಿಗೆ ನೀರು ಚಿಮುಕಿಸಿ ನೆನೆಯಲು ಬಿಟ್ಟು, ಕಾದ ಬಾಣಲೆಯಲ್ಲಿ ಅರಳಿಸಿ ಬೀಸುತ್ತಿದ್ದಳು. ಮನೆ ತುಂಬ ಆ ಘಮ. ಬೇಯಿಸುವ ಕೆಲಸವೇ ಇಲ್ಲ, ಬೆಲ್ಲದ ಪುಡಿ ಬೆರೆಸಿ ತಂದರೆ ನೀರು ಹಾಕಿ ಕಲಸುವುದಷ್ಟೇ. ಹೊಟ್ಟೆಯಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ, ಹಸಿವು ತಡೆಯುತ್ತದೆ. ಆ ದಿನ ನನಗೆ ಸುಸ್ತೆನಿಸಲೇ ಇಲ್ಲ. ಆದರೆ ಹುಲ್ಲುಗುಡ್ಡದ ಗಾಳಿಯಲ್ಲಿ ಪೊಟ್ಟಣ ಬಿಚ್ಚಿದರೆ ಹಿಟ್ಟು ಮುಖಕ್ಕೇ ಹಾರುತ್ತಿತ್ತು. ಬಂಡೆಯ ಮರೆಯಲ್ಲಿ ಕೂತು ಕಲಸಬೇಕಾಯಿತು. ಎರಡನೇ ಸಲಕ್ಕೆ ಸಿಹಿಯೂ ಸಾಕಾಯಿತು. ಬೆವರು ಹೋದ ಮೈ ಉಪ್ಪು, ಹುಳಿ ಕೇಳುತ್ತಿತ್ತು.

ಇಳಿಯುವಾಗ ಭಟ್ಟರ ಮನೆಯಲ್ಲಿ ಕೊಟ್ಟ ಮಜ್ಜಿಗೆಗೆ ಬೆಲ್ಲ ಬೆರೆಸದೆ ಉಳಿದಿದ್ದ ಹುರಿಟ್ಟು ಹಾಕಿ, ಚಿಟಿಕೆ ಉಪ್ಪು ಸೇರಿಸಿ ಕುಡಿದೆ. ಅಜ್ಜಿ ಬೇಸಿಗೆಯಲ್ಲಿ ಕೊಡುತ್ತಿದ್ದದ್ದೇ ಹೀಗೆ ಎಂದು ನೆನಪಾದದ್ದು ಆಗ. ಮುಂದಿನ ವರ್ಷ ಮುಳ್ಳೋಡಿಯಿಂದ ಕುದುರೆಮುಖಕ್ಕೆ ಹೋದಾಗ ಇದನ್ನೇ ಒಯ್ದೆ. ಅಲ್ಲಿ ದಾರಿಯುದ್ದಕ್ಕೂ ಹಳ್ಳಗಳು ಅಡ್ಡ ಬರುತ್ತವೆ, ನೀರಿನ ಚಿಂತೆಯಿಲ್ಲ. ಅಂಥ ಬೆಟ್ಟಕ್ಕೆ ಇವತ್ತಿಗೂ ನನ್ನ ಮೊದಲ ಆಯ್ಕೆ ಹುರಿಟ್ಟೇ.

ಮ್ಯಾಗಿ ಒಯ್ಯಬಾರದೇ ಎಂದು ಎಲ್ಲರೂ ಕೇಳುತ್ತಾರೆ. ಕುಮಾರ ಪರ್ವತ ಇರುವುದು ಪುಷ್ಪಗಿರಿ ವನ್ಯಜೀವಿ ಧಾಮದ ಕಾಡಿನಲ್ಲಿ. ಮಳೆ ನಿಂತ ಮೇಲೆ ಹುಲ್ಲು ಒಣಗುತ್ತಾ ಹೋಗುತ್ತದೆ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ದಾರಿಯನ್ನೇ ಮುಚ್ಚುತ್ತಾರೆ. ಅಲ್ಲಿ ಒಲೆ ಹೊತ್ತಿಸುವ ಮಾತೇ ಬೇಡ.

ನಾಲ್ಕನೆಯದು ಗೊಜ್ಜವಲಕ್ಕಿ. ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ಒಂದೇ ಸುತ್ತು ತಿರುಗಿಸಿ ಸಣ್ಣ ರವೆಯ ಹದಕ್ಕೆ ತಂದೆ. ಹುಣಸೆಹಣ್ಣು, ಬೆಲ್ಲ, ಸಾರಿನ ಪುಡಿ, ಉಪ್ಪು ಕುದಿಸಿ ಗಟ್ಟಿ ಗೊಜ್ಜು ಮಾಡಿ ಚಿಕ್ಕ ಡಬ್ಬಿಗೆ ತುಂಬಿದೆ. ಕಡಲೆಕಾಯಿ ಬೀಜ, ಕರಿಬೇವು, ಒಣಮೆಣಸಿನಕಾಯಿ, ಇಂಗಿನ ಒಗ್ಗರಣೆಯನ್ನು ಅವಲಕ್ಕಿಗೇ ಕಲಸಿಟ್ಟೆ. ಒಬ್ಬರಿಗೆ 100 ಗ್ರಾಂ ಅವಲಕ್ಕಿ, ಅಂದರೆ ಸುಮಾರು 350 ಕ್ಯಾಲೊರಿ. ಬೀಜ ಸೇರಿದರೆ ಇನ್ನೂ ಹೆಚ್ಚು.

ಇದರ ಗುಟ್ಟಿರುವುದು ನೀರು ಹಾಕುವ ಜಾಗದಲ್ಲಿ. ಕಲ್ಲು ಮಂಟಪದ ಹತ್ತಿರ ನೀರು ಸಿಕ್ಕಿತು. ಡಬ್ಬಿಗೆ ಗೊಜ್ಜು ಕದಡಿದ ನೀರು ಹಾಕಿ, ಮುಚ್ಚಳ ಬಿಗಿದು, ಚೀಲಕ್ಕೆ ಸೇರಿಸಿ ನಡೆದೆವು. ತಣ್ಣೀರೇ ಸಾಕು. ನಡೆಯುತ್ತಿದ್ದ ಹಾಗೇ ಅದು ನೆನೆಯಿತು. ಮುಂದಿನ ತಿರುವಿನಲ್ಲಿ ಮುಚ್ಚಳ ತೆಗೆದರೆ ಉದುರುದುರಾಗಿ ಅರಳಿಕೊಂಡಿತ್ತು. ಅಲ್ಲಿಯವರೆಗೆ ಹೊತ್ತದ್ದು ಒಣ ತೂಕ ಮಾತ್ರ. ತಿನ್ನುವಾಗ ಮೆತ್ತಗಿತ್ತು, ಗಂಟಲಲ್ಲಿ ಸಲೀಸಾಗಿ ಇಳಿಯಿತು. ಹುಳಿ, ಉಪ್ಪು, ಸಿಹಿ ಮೂರೂ ಇದ್ದವು, ಮೇಲೆ ಬಾಯಿಗೆ ಸಿಗುವ ಬೀಜ. ತಿಂದ ಮೇಲೂ ಬಾಯಾರಲಿಲ್ಲ. ಕುಮಾರ ಪರ್ವತದ ಹತ್ತುವ ದಾರಿಗೆ ಇದಕ್ಕಿಂತ ಒಳ್ಳೆಯ ಬುತ್ತಿ ನನಗಿನ್ನೂ ಸಿಕ್ಕಿಲ್ಲ. ನಾಲ್ಕರಲ್ಲಿ ಇದೇ ಮೊದಲು, ಎರಡನೆಯದು ರೊಟ್ಟಿ. ಪುಳಿಯೋಗರೆ ಇಳಿದ ಮೇಲಿನ ಊಟ.

ಆದರೂ ಆ ಬೆಟ್ಟದಲ್ಲಿ ಉಂಡ ಅತಿ ಒಳ್ಳೆಯ ಊಟ ಯಾವುದೆಂದು ಕೇಳಿದರೆ ಈ ನಾಲ್ಕರಲ್ಲಿ ಯಾವುದನ್ನೂ ಹೇಳಲಾರೆ. ಅದು ಭಟ್ಟರ ಮನೆಯದು. ಮೊದಲ ಸಲ, ಕತ್ತಲಾಗುವ ಹೊತ್ತು, ಮಂಡಿ ನಡುಗುತ್ತಿತ್ತು. ಬರುತ್ತೇವೆಂದು ಮೊದಲೇ ಹೇಳಿಟ್ಟಿದ್ದೆವು. ಸಾಲಾಗಿ ಕೂತವರಿಗೆಲ್ಲ ಬಿಸಿ ಅನ್ನ, ಸಾಂಬಾರು, ಉಪ್ಪಿನಕಾಯಿ, ಕೊನೆಗೆ ಮಜ್ಜಿಗೆ. ಬಡಿಸುವವರು ಎರಡನೇ ಸಲ ಬಂದು "ಅನ್ನ ಹಾಕ್ಲಾ?" ಎಂದಾಗ ನಾಚಿಕೆಯಿಲ್ಲದೆ ತಟ್ಟೆ ಮುಂದೆ ಹಿಡಿದೆ. ಅಕ್ಕಿಯ ಒಂದೊಂದು ಕಾಳೂ ಆ ದಾರಿಯಲ್ಲೇ ಮೇಲೆ ಬಂದದ್ದು ಎಂದು ಕಾಡಿನ ಏರನ್ನು ನೆನೆದಾಗ ಹೊಳೆಯಿತು. ಊಟ ಮುಗಿಸಿ ಎಲ್ಲರೂ ತಟ್ಟೆ ತೊಳೆದಿಟ್ಟೆವು. ನಾನು ನನ್ನದನ್ನು ಎರಡು ಸಲ ತೊಳೆದೆ.

ಬರುವ ಡಿಸೆಂಬರಿಗೆ ಅನುಮತಿ ಸಿಕ್ಕರೆ ಐದನೇ ಸಲ ಹೋಗಬೇಕೆಂದಿದ್ದೇನೆ. ಹತ್ತುವಾಗ ಗೊಜ್ಜವಲಕ್ಕಿ, ಶಿಖರದಲ್ಲಿ ಗೆಳೆಯನ ಒಂದು ರೊಟ್ಟಿ, ಸಂಜೆಯ ಮಜ್ಜಿಗೆಗೆ ಬೆಲ್ಲವಿಲ್ಲದ ಒಂದು ಹಿಡಿ ಹುರಿಟ್ಟು. ಅಮ್ಮ ಪುಳಿಯೋಗರೆಯ ಗೊಜ್ಜನ್ನೂ ಒಂದು ಸೀಸೆಯಲ್ಲಿ ಕೊಡುತ್ತೇನೆ ಅನ್ನುತ್ತಿದ್ದಾಳೆ, ಅದನ್ನೇ ಅವಲಕ್ಕಿಗೆ ಕಲಸಿ ನೋಡುತ್ತೇನೆ.